ಅಟ್ಟ ಸೇರಿದ ಗಿಟಾರು

ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಕರಾವಳಿಯ ಕಥೋಲಿಕ ಮನೆಗಳಿಗೆ ಗೋದಲಿಯ ಸಾಮಗ್ರಿ, ನಕ್ಷತ್ರದೀಪ, ಕುಸ್ವಾರಿನ ಡಬ್ಬಿಗಳ ಜೊತೆಗೆ ಇನ್ನೊಂದು ವಸ್ತುವೂ ಬರುವುದುಂಟು. ಅದು ಗಿಟಾರು. ಮೂವರು ರಾಯರ ಹಬ್ಬದವರೆಗೆ ಮನೆಯ ಮಗನೋ ಮಗಳೋ ಅದನ್ನು ತೊಡೆಯಿಂದ ಕೆಳಗಿಳಿಸುವುದಿಲ್ಲ. ತಪಸ್ಸಿನ ಕಾಲ ಬರುವಾಗ ಅದರ ಚೀಲದ ಜಿಪ್ ಮುಚ್ಚಿರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆ ತುಂಬುವ ಹೊತ್ತಿಗೆ ಗಿಟಾರು ಅಟ್ಟ ಸೇರಿರುತ್ತದೆ. "ಈಗಿನ ಮಕ್ಕಳಿಗೆ ಛಲವಿಲ್ಲ" ಎಂದು ಹೆತ್ತವರು ತೀರ್ಪು ಕೊಡುತ್ತಾರೆ. ಆ ತೀರ್ಪನ್ನು ಕೊಟ್ಟವರಲ್ಲಿ ನಾನೂ ಒಬ್ಬನಾದುದರಿಂದ ಈ ವಿಷಯದಲ್ಲಿ ಎರಡು ಮಾತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ನನ್ನ ಮಗ ಒಂಬತ್ತನೆಯ ತರಗತಿಯಲ್ಲಿದ್ದಾಗ ಗಿಟಾರು ಬೇಕೆಂದು ಕೇಳಿದ. ಪೇಟೆಯ ಅಂಗಡಿಯೊಂದರಲ್ಲಿ ಬಣ್ಣ ನೋಡಿ, ಚೌಕಾಸಿ ಮಾಡಿ ಕೊಡಿಸಿದೆ. ವಾರಕ್ಕೆ ಎರಡು ದಿನ ಪಾಠಕ್ಕೂ ಕಳುಹಿಸಿದೆ. ಐದು ತಿಂಗಳು ಕಳೆದರೂ ಒಂದು ಕೀರ್ತನೆಯನ್ನು ಆದಿಯಿಂದ ಅಂತ್ಯದವರೆಗೆ ನುಡಿಸಲು ಅವನಿಂದಾಗಲಿಲ್ಲ. ಬೆರಳು ನೋಯುತ್ತದೆ ಎಂದ. ನೋವಿಲ್ಲದೆ ಯಾವ ವಿದ್ಯೆ ಒಲಿಯುತ್ತದೆ ಎಂದು ನಾನು ಕೇಳಿದೆ. ಭಾನುವಾರದ ಪೂಜೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನೆರೆಮನೆಯ ಹುಡುಗಿಯನ್ನು ಎತ್ತಿ ತೋರಿಸಿದೆ. ಖರ್ಚಾದ ಹಣದ ಲೆಕ್ಕವನ್ನೂ ಊಟದ ಮೇಜಿನಲ್ಲಿಯೇ ಒಪ್ಪಿಸಿದೆ. ಆಮೇಲೆ ಅವನು ಗಿಟಾರಿನ ಮಾತೆತ್ತಲಿಲ್ಲ. ಎಸ್ಸೆಸ್ಸೆಲ್ಸಿ ಎಂಬ ಗೌರವಾನ್ವಿತ ಕಾರಣವೂ ನಮ್ಮಿಬ್ಬರಿಗೂ ಅನುಕೂಲವಾಗಿ ಒದಗಿಬಂದಿತು.

ಹತ್ತು ವರ್ಷಗಳು ಉರುಳಿದವು. ಮಗ ಉದ್ಯೋಗ ನಿಮಿತ್ತ ದುಬೈ ಸೇರಿದ. ಕಳೆದ ಮಳೆಗಾಲದ ಬಳಿಕ ಅಟ್ಟವನ್ನು ಶುಚಿಗೊಳಿಸುವಾಗ ಆ ಗಿಟಾರನ್ನು ಇಳಿಸಿ, ಮಾರಿಬಿಡುವ ಉದ್ದೇಶದಿಂದ, ತಂತಿವಾದ್ಯಗಳ ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಹನ್ನೆರಡನೆಯ ಫ್ರೆಟ್ಟಿನ ಮೇಲೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು ನೋಡಿದರು. ಉಕ್ಕಿನ ತಂತಿಯ ಗಿಟಾರಿನಲ್ಲಿ ತಂತಿಗೂ ಫ್ರೆಟ್ಟಿಗೂ ಅಲ್ಲಿ ಎರಡರಿಂದ ಮೂರು ಮಿಲಿಮೀಟರ್ ಅಂತರವಿದ್ದರೆ ಸಾಕು. ನಮ್ಮದರಲ್ಲಿ ಐದು ಇತ್ತು. ಅಟ್ಟದ ತೇವಕ್ಕೆ ಮರ ಉಬ್ಬಿದ್ದು ಒಂದು ಕಾರಣ. ಆದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ 'ನಟ್' ಎಂಬ ಬಿಳಿಯ ಪಟ್ಟಿಯ ಗೀರುಗಳನ್ನು ಮೊದಲ ದಿನದಿಂದಲೂ ಯಾರೂ ಸರಿಯಾಗಿ ಅರೆದೇ ಇರಲಿಲ್ಲ. "ಇದರಲ್ಲಿ ಕಲಿಯುತ್ತಿದ್ದವರು ಯಾರು? ಪಾಪ" ಎಂದು ಅವರು ಕೇಳಿದರು. ನಾನು ಉತ್ತರಿಸಲಿಲ್ಲ.

ಆದುದರಿಂದ ಹೆತ್ತವರಲ್ಲಿ ನನ್ನ ಮೊದಲ ವಿನಂತಿಯೆಂದರೆ, ಮಗುವಿನ ಮನಸ್ಸನ್ನು ಪರೀಕ್ಷಿಸುವ ಮುನ್ನ ವಾದ್ಯವನ್ನು ಪರೀಕ್ಷಿಸಿರಿ. ಗಿಟಾರು ಬಲ್ಲ ಯಾರಾದರೊಬ್ಬರು ಅದನ್ನು ಒಮ್ಮೆ ನುಡಿಸಿ ನೋಡಲಿ. ತಂತಿ ಎತ್ತರವಿದ್ದರೆ ಸೇತುವೆಯ ಪಟ್ಟಿಯನ್ನೂ ನಟ್ಟಿನ ಗೀರುಗಳನ್ನೂ ಅರೆದು ತಗ್ಗಿಸಬಹುದು. ಅದು ಹೊಸ ವಾದ್ಯ ಕೊಳ್ಳುವಷ್ಟು ದುಬಾರಿಯ ಕೆಲಸವಲ್ಲ. ನಮ್ಮ ಕಡಲತಡಿಯ ಹವೆಯಲ್ಲಿ ಉಕ್ಕಿನ ತಂತಿ ಬೇಗನೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ಬೆರಳನ್ನು ಕೊರೆಯುವುದಲ್ಲದೆ ಶ್ರುತಿಯಲ್ಲಿಯೂ ನಿಲ್ಲುವುದಿಲ್ಲ. ಚಿಕ್ಕ ಮಕ್ಕಳಿಗಾದರೆ ನೈಲಾನ್ ತಂತಿಯ ಗಿಟಾರು ಬೆರಳಿಗೆ ಮೃದು. ಆದರೆ ಆ ಗಿಟಾರಿಗೆ ಉಕ್ಕಿನ ತಂತಿ ಬಿಗಿಯಬಾರದು. ಎಳೆತ ತಾಳಲಾರದೆ ಸೇತುವೆ ಕಿತ್ತುಬರುವ ಅಪಾಯವಿದೆ.

ವಾದ್ಯ ಸರಿಯಿದ್ದರೂ ನೋವು ಇದ್ದೇ ಇದೆ. ಬೆರಳ ತುದಿಯ ಚರ್ಮ ಗಟ್ಟಿಯಾಗಲು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳ ನಿತ್ಯಾಭ್ಯಾಸ ಬೇಕು. ಇಲ್ಲಿ ನಿತ್ಯ ಎಂಬ ಶಬ್ದವೇ ಮುಖ್ಯ. ದಿನಕ್ಕೆ ಹದಿನೈದು ನಿಮಿಷ ನುಡಿಸುವವನಿಗೆ ದೊರೆಯುವ ಫಲ, ಆರು ದಿನ ಮುಟ್ಟದೆ ಏಳನೆಯ ದಿನ ಎರಡು ತಾಸು ಹೆಣಗುವವನಿಗೆ ದೊರೆಯದು. ಅವನ ಪಾಲಿಗೆ ಬರುವುದು ಬೊಬ್ಬೆಯೊಂದೇ.

ಅದಕ್ಕಿಂತ ದೊಡ್ಡ ಗಂಡಾಂತರ ನಾಲ್ಕೈದು ತಿಂಗಳ ನಂತರ ಎದುರಾಗುತ್ತದೆ. ಆರಂಭದಲ್ಲಿ ಪ್ರತಿವಾರವೂ ಹೊಸದೊಂದು ಕಾರ್ಡ್ ಕೈಗೆ ಬರುತ್ತದೆ, ಕಲಿಯುವವನಿಗೆ ಉತ್ಸಾಹ. ಬಳಿಕ ಒಮ್ಮೆಲೇ ಎಲ್ಲವೂ ನಿಂತಂತೆ ತೋರುತ್ತದೆ. ಮೊದಲಿಗಿಂತ ಕೆಟ್ಟದಾಗಿ ನುಡಿಸುತ್ತಿದ್ದೇನೆ ಎಂದು ಅವನಿಗೇ ಅನ್ನಿಸುತ್ತದೆ. ವಾಸ್ತವವಾಗಿ ಕೈ ಹಿಂದೆ ಬಿದ್ದಿಲ್ಲ, ಕಿವಿ ಮುಂದೆ ಹೋಗಿದೆ. ಮೊದಲು ಕೇಳಿಸದಿದ್ದ ತಪ್ಪುಗಳು, ತಾಳದ ತೊಡಕು, ಸರಿಯಾಗಿ ಒತ್ತದ ತಂತಿಯ ಗೊರಗೊರ ಸದ್ದು ಇವೆಲ್ಲ ಈಗ ಕೇಳಿಸತೊಡಗಿವೆ. ಮೊಬೈಲಿನಲ್ಲಿ ಹತ್ತು ವರ್ಷದ ಮಗುವೊಂದು ಲೀಲಾಜಾಲವಾಗಿ ನುಡಿಸುವುದನ್ನು ನೋಡಿದಾಗಲಂತೂ ನಿರಾಶೆ ಇಮ್ಮಡಿಸುತ್ತದೆ. ಆ ಮಗು ತಪ್ಪಿದ ಮೂವತ್ತು ಸಲ ಚಿತ್ರೀಕರಣದಲ್ಲಿಲ್ಲವೆಂಬುದನ್ನು ಯಾರು ಹೇಳಬೇಕು?

ಈ ಹಂತದಲ್ಲಿಯೇ 'ಎಫ್' ಎಂಬ ಕಾರ್ಡ್ ಅಡ್ಡ ಬರುತ್ತದೆ. ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಉಳಿದ ಮೂರು ಬೆರಳುಗಳು ಮುಂದೆ ಚಾಚಿಕೊಂಡಿರಬೇಕು. ನಟ್ಟಿಗೆ ಅತಿ ಸಮೀಪವಾದ ಆ ಸ್ಥಳದಲ್ಲಿ ತಂತಿ ಬಿಗಿಯಾಗಿರುತ್ತದೆ. ನಟ್ ಎತ್ತರವಿದ್ದರಂತೂ ದೊಡ್ಡವರ ಕೈಗೂ ಅದು ಬಗ್ಗದು. ಎಷ್ಟೋ ಗಿಟಾರುಗಳು ಅಟ್ಟ ಹತ್ತಿದ್ದು ಈ ಒಂದು ಕಾರ್ಡಿನ ದೆಸೆಯಿಂದ. ಅದನ್ನು ಗೆಲ್ಲುವವರೆಗೆ ಮುಂದಿನ ಪಾಠವಿಲ್ಲವೆಂದು ಹಟ ಹಿಡಿಯುವ ಶಿಕ್ಷಕರನ್ನು ನಾನು ಒಪ್ಪಲಾರೆ. ಕೆಳಗಿನ ಎರಡೇ ತಂತಿಗಳನ್ನು ತೋರುಬೆರಳಿನಿಂದ ಒತ್ತುವ ಚಿಕ್ಕ ಎಫ್ ಉಂಟು. ಕೆಪೊ ಎಂಬ ಚಿಮ್ಮಟವೂ ಉಂಟು. ಅದನ್ನು ಮೂರನೆಯ ಫ್ರೆಟ್ಟಿನಲ್ಲಿ ಬಿಗಿದು ಡಿ, ಜಿ, ಎ ಎಂಬ ಸುಲಭದ ಆಕಾರಗಳನ್ನು ಹಿಡಿದರೆ ಎಫ್, ಬಿ ಫ್ಲ್ಯಾಟ್, ಸಿ ತಾನಾಗಿ ಧ್ವನಿಸುತ್ತವೆ. ಇದು ಕಳ್ಳದಾರಿಯಲ್ಲ, ಪಳಗಿದ ವಾದಕರೂ ಹಿಡಿಯುವ ದಾರಿ. ಹುಡುಗ ಅಷ್ಟರಲ್ಲಿ ಹಾಡಲಿ, ದೊಡ್ಡ ಎಫ್ ವರ್ಷ ಕಳೆದು ಬಂದರೂ ನಷ್ಟವಿಲ್ಲ.

ಛಲದ ಮಾತು ಬಂದಾಗ ಜ್ಯಾಂಗೋ ರೈನ್‌ಹಾರ್ಟ್‌ನ ಹೆಸರನ್ನು ಹೇಳುವವರಿದ್ದಾರೆ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳು ನಿರುಪಯುಕ್ತವಾದರೂ ಉಳಿದ ಬೆರಳುಗಳಿಂದಲೇ ಹೊಸದಾಗಿ ಅಭ್ಯಾಸ ಮಾಡಿ ಆತ ಯೂರೋಪಿನ ಜಾಸ್ ಸಂಗೀತದ ಮಹಾನ್ ವಾದಕನಾದುದು ನಿಜ. ಆದರೆ ನೋಯುವ ಬೆರಳನ್ನು ತೋರಿಸುವ ಹದಿನಾಲ್ಕು ವರ್ಷದ ಮಗುವಿನೆದುರು ಈ ಕಥೆಯನ್ನು ಹೇಳಿದರೆ ಅದು ಸ್ಫೂರ್ತಿಗಿಂತ ಹೆಚ್ಚಾಗಿ ಛೀಮಾರಿಯಂತೆ ಕೇಳಿಸುತ್ತದೆ.

ನಮ್ಮ ಮಕ್ಕಳಿಗೆ ಹೇಳಲು ಹೆಚ್ಚು ಸಮೀಪದ ಕಥೆಯೊಂದಿದೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೊಲಾಸರ ಇಗರ್ಜಿಯಲ್ಲಿ ಸಹಾಯಕ ಗುರುಗಳಾಗಿದ್ದ ಜೋಸೆಫ್ ಮೋರ್, ತಾವು ಎರಡು ವರ್ಷಗಳ ಹಿಂದೆ ಬರೆದಿದ್ದ ಪದ್ಯವನ್ನು ಶಾಲಾಶಿಕ್ಷಕ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅವರಿಗೆ ಕೊಟ್ಟು, ಇಬ್ಬರು ಹಾಡುವಂತೆ ಗಿಟಾರಿನ ಹಿಮ್ಮೇಳದೊಂದಿಗೆ ರಾಗ ಹಾಕಿಕೊಡಲು ಕೇಳಿಕೊಂಡರು. ಅಂದೇ ರಾತ್ರಿ ಇಬ್ಬರೂ ಹಾಡಿದರು. ಗಿಟಾರು ನುಡಿಸಿದವರು ಗುರುಗಳೇ. 'ಸೈಲೆಂಟ್ ನೈಟ್' ಎಂದು ಲೋಕವೆಲ್ಲ ಬಲ್ಲ ಗೀತೆ ಅದು. ಇಲಿಗಳು ಆರ್ಗನ್ನನ್ನು ಕಡಿದು ಹಾಳುಗೆಡವಿದ್ದವೆಂಬ ಕಥೆ ಜನಪ್ರಿಯವಾದರೂ 1854ರಲ್ಲಿ ಗ್ರೂಬರ್ ಸ್ವತಃ ಬರೆದಿಟ್ಟ ವಿವರಣೆಯಲ್ಲಿ ಇಲಿಗಳ ಸುದ್ದಿಯೇ ಇಲ್ಲ. ಮೋರ್ ಅವರ ಗಿಟಾರು ಇಂದಿಗೂ ಹಾಲೈನ್ ಎಂಬ ಪಟ್ಟಣದ ಸಂಗ್ರಹಾಲಯದಲ್ಲಿದೆ. ಮೂರು ಕಾರ್ಡುಗಳನ್ನು ಬಲ್ಲವರು ಆ ಗೀತೆಗೆ ಹಿಮ್ಮೇಳ ನೀಡಬಹುದು. ಆ ರಾತ್ರಿ ಹಾಡಲೇಬೇಕಾದ ಒಂದು ಪೂಜೆಯಿತ್ತು, ಕೇಳುವ ಜನರಿದ್ದರು.

ನನ್ನ ಮಗನಿಗೆ ಇಲ್ಲದೆ ಹೋದುದು ಇದೇ ಎಂದು ನನಗೆ ಈಗ ತೋರುತ್ತದೆ. ಅವನು ನುಡಿಸುವುದನ್ನು ಯಾರೂ ಕಾಯುತ್ತಿರಲಿಲ್ಲ. ಪಾಠದವರು ಪರೀಕ್ಷೆಯ ಗ್ರೇಡನ್ನು ಕಾಯುತ್ತಿದ್ದರು, ನಾನು ಕೊಟ್ಟ ಹಣಕ್ಕೆ ಫಲವನ್ನು ಕಾಯುತ್ತಿದ್ದೆ. ಸಂಜೆಯ ಜಪಸರದ ಕೊನೆಗೆ ಮಾತೆ ಮರಿಯಮ್ಮನವರ ಒಂದು ಗೀತೆಯನ್ನು ನಾವು ಪ್ರತಿದಿನವೂ ವಾದ್ಯವಿಲ್ಲದೆ, ಶ್ರುತಿಯಿಲ್ಲದೆ ಹಾಡುತ್ತಿದ್ದೆವು. ಅವನು ಬಲ್ಲ ಎರಡು ಕಾರ್ಡುಗಳಲ್ಲಿಯೇ ಅದಕ್ಕೆ ಜೊತೆಗೂಡು ಎಂದು ಒಂದು ದಿನವಾದರೂ ಕರೆದಿದ್ದರೆ! ಗಿಟಾರು ಹತ್ತು ಹೆಜ್ಜೆ ದೂರದ ಕೋಣೆಯಲ್ಲಿಯೇ ಇತ್ತು.

ಇಗರ್ಜಿಯ ಗಾಯನವೃಂದಗಳಲ್ಲಿಯೂ ಇದೇ ಕೊರತೆಯನ್ನು ಕಾಣುತ್ತೇನೆ. ಚೆನ್ನಾಗಿ ನುಡಿಸಬಲ್ಲವರಿಗೆ ಮಾತ್ರ ಅಲ್ಲಿ ಸ್ಥಾನ. ಬಲಿಪೂಜೆ ಅಭ್ಯಾಸದ ಅಂಗಳವಲ್ಲವೆಂಬ ವಾದವನ್ನು ನಾನು ಗೌರವಿಸುತ್ತೇನೆ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾವಿಧಿಯ ಸಂವಿಧಾನವು ಪೈಪ್ ಆರ್ಗನ್ನಿಗೆ ಹಿರಿಯ ಗೌರವವನ್ನು ಕೊಟ್ಟು, ಇತರ ವಾದ್ಯಗಳು ಪವಿತ್ರ ಬಳಕೆಗೆ ತಕ್ಕವಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು ಎಂಬ ಷರತ್ತನ್ನು ವಿಧಿಸಿಯೇ ಬಾಗಿಲು ತೆರೆದಿದೆ. ಆದರೆ ಅದೇ ಧರ್ಮಸಭೆಯ ನಿಯಮದಂತೆ ತಪಸ್ಸಿನ ಕಾಲದಲ್ಲಿ, ಕೆಲವು ಹಬ್ಬದ ದಿನಗಳನ್ನು ಬಿಟ್ಟರೆ, ವಾದ್ಯಗಳನ್ನು ಗಾಯನಕ್ಕೆ ಆಸರೆಯಾಗಿ ಮಾತ್ರ ನುಡಿಸಬಹುದು. ಆಸರೆ ಕೊಡುವುದಕ್ಕೆ ಪಾಂಡಿತ್ಯ ಬೇಡ; ತಾಳ ತಪ್ಪದ ಕೈಯೊಂದು ಸಾಕು. ಪೂಜೆಯಲ್ಲಿ ಬೇಡವೆಂದರೆ ವಾಳೆಯ ಪ್ರಾರ್ಥನಾಕೂಟವಿದೆ, ಮನೆಮನೆಗೆ ಹೋಗುವ ಕ್ಯಾರಲ್ ತಂಡವಿದೆ, ಅಸ್ವಸ್ಥರ ಭೇಟಿಯಿದೆ. ಒಂದು ವಾಳೆಯಲ್ಲಿ ಒಂದೊಂದು ಗೀತೆಯನ್ನು ಒಬ್ಬ ಹೊಸಬನ ಹೆಸರಿಗೆ ಬರೆದಿಟ್ಟು, "ಮುಂದಿನ ತಿಂಗಳು ಇದು ನಿನ್ನದು" ಎಂದು ಗುರಿಕಾರರು ಹೇಳಲಿ. ಆ ತಿಂಗಳಿಡೀ ಅವನ ಗಿಟಾರು ಅಟ್ಟ ಹತ್ತುವುದಿಲ್ಲವೆಂಬುದಕ್ಕೆ ನಾನು ಹೊಣೆ.

ನಮ್ಮ ಗಿಟಾರನ್ನು ಮಾರಲಿಲ್ಲ. ಹಿರಿಯರು ನಟ್ ಅರೆದು, ಹೊಸ ತಂತಿ ಕಟ್ಟಿಕೊಟ್ಟರು. ವಿಷಯವನ್ನು ಮಗನಿಗೆ ಫೋನಿನಲ್ಲಿ ತಿಳಿಸಿ, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಮೌನವಾಗಿದ್ದು, "ಈಗ ಎಫ್ ಹಿಡಿಯಲು ಬರುತ್ತದೆಯೇ ನೋಡಿ" ಎಂದ. ಐವತ್ತೆಂಟರ ಕೈಯಿಂದ ನೋಡುತ್ತಿದ್ದೇನೆ. ಎರಡು ತಿಂಗಳಾಯಿತು, ಬೆರಳ ತುದಿಗಳು ಗಟ್ಟಿಯಾಗಿವೆ. ಜಪಸರದ ಕೊನೆಯ ಗೀತೆಗೆ ನನ್ನದೇ ಹಿಮ್ಮೇಳ. ಎಫ್ ಬರುವ ಸಾಲಿನಲ್ಲಿ ನಾನು ಕೈ ತಡೆದು ನಿಲ್ಲುತ್ತೇನೆ, ಪತ್ನಿ ಹಾಡುತ್ತ ಮುಂದೆ ಹೋಗುತ್ತಾಳೆ, ಮುಂದಿನ ಸಾಲಿನ 'ಸಿ'ಯಲ್ಲಿ ಅವಳನ್ನು ಕೂಡಿಕೊಳ್ಳುತ್ತೇನೆ. ಮಗ ಈ ಡಿಸೆಂಬರಿನಲ್ಲಿ ಊರಿಗೆ ಬರುವವನಿದ್ದಾನೆ. ಕೆಪೊ ತರುತ್ತೇನೆ ಎಂದಿದ್ದಾನೆ.