ಎಂಟು ದೊಡ್ಡದು, ಎಂಟನೇ ಒಂದು ಭಾಗ?

ನಾಲ್ಕನೇ ಕ್ಲಾಸಿನ ಮಗುವನ್ನ ಇವತ್ತು ಕೇಳಿ ನೋಡಿ: 1/4 ದೊಡ್ಡದೋ, 1/8 ದೊಡ್ಡದೋ? "1/8" ಅಂದರೆ ಬೈಬೇಡಿ. ನಾಲ್ಕಕ್ಕಿಂತ ಎಂಟು ದೊಡ್ಡದು ಅಂತ ನಾವೇ ತಾನೇ ಹೇಳಿಕೊಟ್ಟಿದ್ದು!

ತಕ್ಷಣ ಅಡ್ಡ ಗುಣಾಕಾರಕ್ಕೆ ಹೋಗಬೇಡಿ. ಉತ್ತರ ಬರುತ್ತೆ, ಅರ್ಥ ಆಗಲ್ಲ. ಆಮೇಲೆ ದಶಮಾಂಶ, ಶೇಕಡಾ ಎಲ್ಲವೂ ಬಾಯಿಪಾಠವೇ.

ಒಂದೇ ಅಳತೆಯ ಎರಡು ಚಪಾತಿ ಕೊಡಿ. ಒಂದನ್ನ ನಾಲ್ಕು, ಇನ್ನೊಂದನ್ನ ಎಂಟು ಸಮಭಾಗ ಮಾಡಲಿ. ಹೆಚ್ಚು ಜನಕ್ಕೆ ಹಂಚಿದಷ್ಟೂ ಪಾಲು ಚಿಕ್ಕದು ಅಂತ ಅದಕ್ಕೇ ಹೊಳೆಯುತ್ತೆ. ಹಿಂದಿನವರು 1/8ಕ್ಕೆ ಅರೆಕಾಲು ಅಂತಿದ್ದರು. ಕಾಲು ಭಾಗದ ಅರ್ಧ. ಹೆಸರಲ್ಲೇ ಉತ್ತರ ಇದೆ.

ಆಮೇಲೆ ಅರ್ಧವನ್ನ ಗಡಿ ಮಾಡಿಕೊಳ್ಳಿ. 3/8, 4/7ರಲ್ಲಿ ಯಾವುದು ದೊಡ್ಡದು? 8ರ ಅರ್ಧ 4, ಹಾಗಾಗಿ 3/8 ಅರ್ಧಕ್ಕಿಂತ ಕಮ್ಮಿ. 7ರ ಅರ್ಧ ಮೂರೂವರೆ, ಹಾಗಾಗಿ 4/7 ಅರ್ಧಕ್ಕಿಂತ ಜಾಸ್ತಿ.

5/6, 7/8 ಎರಡೂ ಅರ್ಧ ದಾಟಿವೆಯಾ? ಪೂರ್ತಿ ಆಗೋಕೆ ಇನ್ನೆಷ್ಟು ಬೇಕು ಅಂತ ಕೇಳಿ. ಒಂದಕ್ಕೆ 1/6 ಬೇಕು, ಇನ್ನೊಂದಕ್ಕೆ 1/8 ಸಾಕು. ಕೊರತೆ ಕಮ್ಮಿ ಇರೋ 7/8 ದೊಡ್ಡದು.

ಈಗ ಆಟ. ಬಟ್ಟೆ ಒಣಹಾಕೋ ಹಗ್ಗದ ಒಂದು ತುದಿ 0, ಇನ್ನೊಂದು 1. ಇವೇ ಭಿನ್ನರಾಶಿಗಳನ್ನ ಚೀಟಿಗಳಲ್ಲಿ ಬರೆದು, ಕಲೆಸಿ ಕೊಡಿ. ಚಿಕ್ಕದರಿಂದ ದೊಡ್ಡದಕ್ಕೆ ಕ್ಲಿಪ್ ಹಾಕಿ ಜೋಡಿಸಲಿ. ಪ್ರತಿ ಚೀಟಿಗೂ "ಇಲ್ಲೇ ಯಾಕೆ?" ಅಂತ ಕೇಳಿ. ತಪ್ಪಿದ್ದರೂ ನೀವು ಕೈ ಹಾಕಬೇಡಿ. ಕಾರಣ ಹೇಳ್ತಾ ಹೇಳ್ತಾ ಮಗುವೇ ಸರಿಸುತ್ತೆ.

ಆಫೀಸಿಂದ ಬಂದ ಮೇಲೆ ಹತ್ತು ನಿಮಿಷ ಸಾಕು.