ಹಳೇ ಕಂಪ್ಯೂಟರು ಗುಜರಿಗಲ್ಲ, ಕನ್ನಡಕ್ಕೆ!

ಅಮೆರಿಕದ ರೆಡ್‌ಮಂಡ್‌ನಲ್ಲಿ ಕೂತ ಮೈಕ್ರೋಸಾಫ್ಟ್ ಕಂಪನಿಯ ಫರ್ಮಾನು 2025ರ ಅಕ್ಟೋಬರ್ 14ರಂದು ಜಾರಿಗೆ ಬಂತು. ವಿಂಡೋಸ್ 10ಕ್ಕೆ ಇನ್ನು ಪುಕ್ಕಟೆ ತೇಪೆ ಹಾಕುವುದಿಲ್ಲ, ವಿಂಡೋಸ್ 11ಕ್ಕೆ ಬನ್ನಿ, ನಿಮ್ಮ ಯಂತ್ರಕ್ಕೆ ಆ ಯೋಗ್ಯತೆ ಇಲ್ಲದಿದ್ದರೆ ಹೊಸ ಯಂತ್ರ ಕೊಳ್ಳಿ. ಇಷ್ಟೇ ಅದರ ಸಾರಾಂಶ.

ಯಾರ ಯಂತ್ರಕ್ಕೆ ಯೋಗ್ಯತೆ ಇಲ್ಲ? ರಾಜಾಜಿನಗರದ ಬಾಡಿಗೆ ಮನೆಯಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಚೀಟಿ ಎತ್ತಿ ಕೊಟ್ಟ ದುಡ್ಡಿನಲ್ಲಿ ಮಗ ಹತ್ತು ಅಂಗಡಿ ಹತ್ತಿಳಿದು, ಒಂದೊಂದೇ ಬಿಡಿಭಾಗ ಹೊಂದಿಸಿ ಕಟ್ಟಿಸಿದ ಯಂತ್ರಕ್ಕೆ. ಅದು ಬರೀ ಆಟದ ಸಾಮಾನಲ್ಲ. ಮಗನ ಕೌಂಟರ್ ಸ್ಟ್ರೈಕ್ ಅದರಲ್ಲೇ, ತಂಗಿಯ ಸಿಇಟಿ ಅರ್ಜಿ ಅದರಲ್ಲೇ, ಅಪ್ಪ 'ನುಡಿ'ಯಲ್ಲಿ ಟೈಪು ಮಾಡಿಟ್ಟ ಸಂಘದ ವರದಿಗಳೂ ಅದರಲ್ಲೇ. ಈಗ ಅದನ್ನು ಗುಜರಿಗೆ ಹಾಕಬೇಕಂತೆ!

"ಆಟದ ಕಂಪ್ಯೂಟರಿಗೂ ಕನ್ನಡ ಚಳವಳಿಗೂ ಏನ್ರೀ ಸಂಬಂಧ?" ಎಂದು ಮೂಗು ಮುರಿಯುವವರಿದ್ದಾರೆ. ಸಂಬಂಧ ಇದೆ. ಕೊನೆವರೆಗೂ ಓದಿ.

ಒಂಬತ್ತು ತಿಂಗಳ ಅಂತರ

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಸೆಕ್ಯೂರ್ ಬೂಟ್ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದು, ಎಎಂಡಿ ಆದರೆ ರೈಜನ್ 2000 ಸರಣಿಯದು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಭದ್ರತೆಯ ಮಾತು ಪೂರ್ತಿ ಸುಳ್ಳೇನಲ್ಲ. ಗುಪ್ತ ಕೀಲಿಗಳನ್ನು ಕಾಪಾಡಲು, ಯಂತ್ರ ಏಳುವಾಗಲೇ ಒಳನುಗ್ಗುವ ವೈರಸ್ ತಡೆಯಲು ಇವು ಉಪಯೋಗಕ್ಕೆ ಬರುತ್ತವೆ.

ಆದರೆ ಲೆಕ್ಕ ನೋಡಿ. ಇಂಟೆಲ್‌ನ ಐ7-7700ಕೆ 2017ರ ಜನವರಿಯಲ್ಲಿ ಪೇಟೆಗೆ ಬಂತು. ಅಂದಿನ ಆಟಗಾರರ ಕನಸಿನ ಪ್ರೊಸೆಸರ್ ಅದು. ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಡುವೆ ಒಂಬತ್ತೇ ತಿಂಗಳು. ಜನವರಿಯಲ್ಲಿ ದುಬಾರಿ ಐ7 ಕೊಂಡವನು ಹೊರಗೆ, ಅಕ್ಟೋಬರ್‌ನಲ್ಲಿ ಅಗ್ಗದ ಐ3 ಕೊಂಡವನು ಒಳಗೆ! ಏಳನೇ ತಲೆಮಾರಿನ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ 2.0 ಸೌಲಭ್ಯವೂ ಇದೆ. ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ಇದನ್ನು ಭದ್ರತೆ ಎನ್ನೋಣವೋ, ವ್ಯಾಪಾರ ಎನ್ನೋಣವೋ ನೀವೇ ಹೇಳಿ.

ಕೇಳಿದವರಿಗೆ ಸಿಕ್ಕಿತು

ಫರ್ಮಾನು ಹೊರಟ ಮೇಲೆ ಮೈಕ್ರೋಸಾಫ್ಟ್ ಒಂದು ಕಿಂಡಿ ಬಿಟ್ಟಿತು. 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ತೇಪೆ ಕೊಡುತ್ತೇವೆ ಎಂದಿತು. ಅದಕ್ಕೆ 30 ಡಾಲರ್ ಕೊಡಬೇಕು, ಇಲ್ಲವೇ ಕಂಪನಿಯ 1,000 ರಿವಾರ್ಡ್ಸ್ ಅಂಕ ತೆರಬೇಕು, ಅದೂ ಇಲ್ಲದಿದ್ದರೆ ನಿಮ್ಮ ಯಂತ್ರದ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಒಪ್ಪಿಸಬೇಕು.

ಯುರೋಪಿನ ಗ್ರಾಹಕರ ಒಕ್ಕೂಟ ಯುರೋಕನ್ಸ್ಯೂಮರ್ಸ್ ಈ ಷರತ್ತನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮಣಿಯಿತು. ಯುರೋಪಿನ ಆರ್ಥಿಕ ವಲಯದವರು ಸೆಟ್ಟಿಂಗು ಒಪ್ಪಿಸಬೇಕಿಲ್ಲ, ಕಾಸೂ ಕೊಡಬೇಕಿಲ್ಲ, ಮೈಕ್ರೋಸಾಫ್ಟ್ ಖಾತೆ ಒಂದಿದ್ದರೆ ಸಾಕು ಎಂದಿತು. ಆ ವಿನಾಯಿತಿ ಅಲ್ಲಿಯವರಿಗೆ ಮಾತ್ರ. ನಮಗಿಲ್ಲ!

ಪಾಠ ಏನು? ದೊಡ್ಡ ಕಂಪನಿಗೂ ಕಿವಿ ಇದೆ. ಒಟ್ಟಾಗಿ, ಕಾಗದ ಬರೆದು, ಪಟ್ಟು ಹಿಡಿದು ಕೇಳಿದವರಿಗೆ ಅದು ಕೇಳಿಸುತ್ತದೆ. ಒಬ್ಬೊಬ್ಬರೇ ಮನೆಯಲ್ಲಿ ಕೂತು ಗೊಣಗುವವರಿಗೆ ಕೇಳಿಸುವುದಿಲ್ಲ. ಭಾಷೆಯ ಮಾತೂ ಇದೇ.

ಅಂಗಡಿಗೆ ಹೋಗುವ ಮುಂಚೆ

ತಮ್ಮಂದಿರೇ, ತಂಗಿಯರೇ, "ಇದು ಹಳೇದಾಯ್ತು ಸಾರ್, ಹೊಸದು ಹಾಕ್ಕೊಳಿ" ಎನ್ನುವ ಮಾತಿಗೆ ಕಾಸು ಬಿಚ್ಚುವ ಮೊದಲು ನಿಮ್ಮ ಯಂತ್ರವನ್ನು ನೀವೇ ಕೇಳಿ. ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಸಣ್ಣ ತಂತ್ರಾಂಶ ಇದೆ, ಯಂತ್ರ ಪಾಸೋ ಫೇಲೋ ಹೇಳುತ್ತದೆ. ಫೇಲ್ ಅಂದರೂ ಎದೆಗುಂದಬೇಡಿ. ಎಂಟನೇ ತಲೆಮಾರು ದಾಟಿದ ಎಷ್ಟೋ ಜೋಡಿಸಿದ ಯಂತ್ರಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಆದರೆ ಆರಿಸಿಟ್ಟಿರುತ್ತದೆ. ಬಯಾಸ್‌ಗೆ ಹೋಗಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಗುಂಡಿ ಹಚ್ಚಿದರೆ ಕೆಲಸ ಮುಗಿಯಿತು. ಹಳೇ ರೀತಿಯಲ್ಲಿ ಭಾಗ ಮಾಡಿದ ಡಿಸ್ಕಾದರೆ ಅದನ್ನು ಜಿಪಿಟಿ ರೂಪಕ್ಕೆ ತರಬೇಕು. ಅದಕ್ಕೂ ವಿಂಡೋಸ್‌ನಲ್ಲೇ ಸಲಕರಣೆ ಇದೆ. ಇಷ್ಟಕ್ಕೆ ಯಾರೂ ಹೊಸ ಮದರ್‌ಬೋರ್ಡ್ ಕೊಳ್ಳಬೇಕಿಲ್ಲ.

ನಿಜವಾಗಿಯೂ ಹಳೆಯ ಯಂತ್ರವಾದರೆ ಕೆಲವರು ತಪಾಸಣೆ ತಪ್ಪಿಸಿ ವಿಂಡೋಸ್ 11 ತುಂಬಿಕೊಡುತ್ತಾರೆ. ನಡೆಯಬಹುದು. ಆದರೆ ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬರುತ್ತದೆಂದು ಕಂಪನಿ ಮಾತು ಕೊಡುವುದಿಲ್ಲ. 2024ರ 24ಎಚ್2 ಆವೃತ್ತಿ ಬಂದಾಗ, ಕೆಲವು ಹೊಸ ಆಜ್ಞೆಗಳನ್ನು ಅರಿಯದ ತೀರಾ ಹಳೇ ಪ್ರೊಸೆಸರುಗಳು ಏಳಲೇ ಇಲ್ಲ. ಇದು ಜೂಜು. ಮನೆಯ ಏಕೈಕ ಯಂತ್ರವನ್ನು ಜೂಜಿಗೆ ಇಡಬೇಡಿ.

ಗ್ರಾಫಿಕ್ಸ್ ಕಾರ್ಡಿನ ವಿಚಾರವನ್ನೂ ತಿಳಿದಿರಿ. ನಮ್ಮ ಹುಡುಗರ ನೆಚ್ಚಿನ ಜಿಟಿಎಕ್ಸ್ 1050 ಟಿಐ 2016ರದು. ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ 2025ರ ಅಕ್ಟೋಬರ್‌ಗೆ ಕೊನೆ, ಭದ್ರತಾ ತೇಪೆ ಮಾತ್ರ 2028ರ ಅಕ್ಟೋಬರ್‌ವರೆಗೆ ಎಂದು ಎನ್‌ವಿಡಿಯಾ ಸಾರಿತು. ಅಂದರೆ ಬರೀ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಹಳೇ ಕುದುರೆಗೆ ಹರೆಯ ಬರುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇನ್ನೂ ಇದ್ದರೆ, ಇರುವ ಕಾಸನ್ನು ಮೊದಲು ಒಂದು ಎಸ್‌ಎಸ್‌ಡಿಗೆ ಹಾಕಿ. ಹಳೇ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಟಾನಿಕ್ ಇಲ್ಲ.

ಇನ್ನೊಂದು ದಾರಿ: ಲಿನಕ್ಸ್

ಲಿನಕ್ಸ್ ಎಂದರೆ ಹಿಂದೆ ಆಟಗಾರರು ಓಡುತ್ತಿದ್ದರು. ಈಗ ಕಾಲ ಬದಲಾಗಿದೆ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ಸೇತುವೆ ಕಟ್ಟಿತು. ವಿಂಡೋಸ್‌ಗೆಂದೇ ಬರೆದ ಆಟ ಲಿನಕ್ಸ್‌ನಲ್ಲಿ ಓಡುವಂತೆ ಅದು ಮಾಡುತ್ತದೆ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ನಿಂತಿರುವುದೇ ಲಿನಕ್ಸ್ ಮೇಲೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಆಟಗಳಿಗೆ ಸೇತುವೆಯೂ ಬೇಡ, ನೇರ ಓಡುತ್ತವೆ. ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ನಡೆಯುತ್ತವೆ.

ಎಲ್ಲವೂ ನಡೆಯುತ್ತೆ ಎಂದು ಬುರುಡೆ ಬಿಡುವುದಿಲ್ಲ. ವ್ಯಾಲರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಫೋರ್ಟ್‌ನೈಟ್ ಓಡುವುದಿಲ್ಲ. ಎಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರಿಗೆ ಬಾಗಿಲು ಹಾಕಿತು. ಮೋಸ ತಡೆಯುವ ತಂತ್ರಾಂಶವೇ ಇದಕ್ಕೆ ಕಾರಣ. ವ್ಯಾಲರಂಟ್ ನಿಮ್ಮ ಜೀವವಾದರೆ ಲಿನಕ್ಸ್ ನಿಮಗಲ್ಲ, ವಿಂಡೋಸ್ 11ಕ್ಕೇ ದಾರಿ ಹುಡುಕಿ. ಕಥೆಯ ಆಟ, ಹಳೇ ಆಟ, ಕೌಂಟರ್ ಸ್ಟ್ರೈಕ್ ಸಾಕು ಎನ್ನುವವರು ಲಿನಕ್ಸ್ ಮಿಂಟ್ ಹಾಕಿ ನೋಡಿ. ದುಡ್ಡು ಬೇಡ, ಟಿಪಿಎಂ ಬೇಡ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಿಡಿಸದಿದ್ದರೆ ತೆಗೆದಿಡಬಹುದು.

ಶೇಕಡ ಎಷ್ಟು ಕನ್ನಡ?

ಈಗ ಬನ್ನಿ ನಮ್ಮ ಮಾತಿಗೆ. 2024ರಲ್ಲಿ ನಾಮಫಲಕಗಳಲ್ಲಿ ಶೇಕಡ 60 ಕನ್ನಡ ಕಡ್ಡಾಯ ಮಾಡುವ ತಿದ್ದುಪಡಿಯನ್ನು ನಮ್ಮ ಶಾಸಕಾಂಗ ಪಾಸು ಮಾಡಿತು. ಅದಕ್ಕಾಗಿ ಬೀದಿಗಿಳಿದವರು ನೀವೇ, ಲಾಠಿ ಕಂಡವರೂ ನೀವೇ. ಒಳ್ಳೆಯದು. ಆದರೆ ನಿಮ್ಮ ಮೇಜಿನ ಮೇಲೆ ದಿನಕ್ಕೆ ಐದು ತಾಸು ಹೊಳೆಯುವ ಫಲಕ ಇದೆಯಲ್ಲ, ಅದರಲ್ಲಿ ಶೇಕಡ ಎಷ್ಟು ಕನ್ನಡ?

ಸೊನ್ನೆ!

ಕನ್ನಡ ಇಲ್ಲದೇ ಸೊನ್ನೆಯಲ್ಲ, ಇದ್ದೂ ಸೊನ್ನೆ. ವಿಂಡೋಸ್ 10 ಮತ್ತು 11ರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿದರೆ ಮೆನು, ಗುಂಡಿ, ಸೂಚನೆಗಳು ಕನ್ನಡಕ್ಕೆ ತಿರುಗುತ್ತವೆ. 2019ರ ಅಪ್‌ಡೇಟಿನಿಂದ ಉಚ್ಚಾರಣೆಯಂತೆ ಟೈಪು ಮಾಡುವ ಕನ್ನಡ ಕೀಲಿಮಣೆಯೂ ಜೊತೆಗೇ ಬರುತ್ತಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಹಚ್ಚಿದ್ದೇವೆ?

ಲಿನಕ್ಸ್‌ನಲ್ಲಿ ಇನ್ನೂ ದೊಡ್ಡ ಸಂಗತಿ ಇದೆ. ಕೀಲಿಮಣೆಗಳ ಪಟ್ಟಿ ತೆಗೆಯಿರಿ. ಕನ್ನಡದ ಮುಂದೆ 'ಕಗಪ' ಎಂಬ ಹೆಸರು ಕಾಣುತ್ತದೆ. ನಮ್ಮ ಕನ್ನಡ ಗಣಕ ಪರಿಷತ್ತೇ ಅದು! ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಸಂತಾನ. ಅದೇ ಹೆಸರಿನಲ್ಲಿ ತೆಲುಗಿಗೆ, ಮರಾಠಿಗೆ, ಹಿಂದಿಗೆ, ಸಂಸ್ಕೃತಕ್ಕೂ ವಿನ್ಯಾಸಗಳಿವೆ. ಹಿಂದಿ ಹೇರಿಕೆಯ ವಿರುದ್ಧ ಗಂಟಲು ಹರಿಯುವ ನಮಗೆ, ಹಿಂದಿ ಟೈಪು ಮಾಡುವವರೂ ಬಳಸಬಹುದಾದ ಕನ್ನಡ ಮೂಲದ ಕೀಲಿಮಣೆ ಜಗತ್ತಿನ ಲಿನಕ್ಸ್ ಯಂತ್ರಗಳಲ್ಲೆಲ್ಲ ಕೂತಿದೆ ಎಂದು ಯಾರಾದರೂ ಹೇಳಿದ್ದರೇ?

ಕೊರತೆಯೂ ಇದೆ. ಲಿನಕ್ಸ್ ಮಿಂಟ್‌ನ ಕನ್ನಡ ಅನುವಾದ ಅರ್ಧಂಬರ್ಧ. ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. ಆದರೆ ಅಲ್ಲಿ ಅನುವಾದ ಮಾಡುವವರು ಸ್ವಯಂಸೇವಕರು. ಅಂದರೆ ತುಂಬಬೇಕಾದವರು ನಾವೇ. ಇದಕ್ಕೆ ಮಂತ್ರಿಯ ಕಾಲು ಹಿಡಿಯಬೇಕಿಲ್ಲ, ಅನುದಾನ ಬೇಡ, ಧರಣಿ ಬೇಡ. ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಉಳಿಯದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂಬ ಕಾಳಜಿಯಿಂದ ಕೊನೆಯವರೆಗೂ ಕನ್ನಡ ತಂತ್ರಾಂಶಕ್ಕಾಗಿ ದುಡಿದರು. ಅವರು ತೀರಿಕೊಂಡದ್ದು 2007ರಲ್ಲಿ. ಅವರ ಕಾದಂಬರಿ ಓದಿ ಚಪ್ಪಾಳೆ ತಟ್ಟುವ ನಾವು ಅವರ ಈ ಕೆಲಸವನ್ನು ಮುಂದುವರಿಸಿದೆವೇ?

ಇನ್ನು ಸ್ಟೀಮ್. ಅದರ ಭಾಷೆಗಳ ಪಟ್ಟಿಯಲ್ಲಿ ಡ್ಯಾನಿಶ್ ಇದೆ, ಫಿನ್ನಿಶ್ ಇದೆ, ನಾರ್ವೇಜಿಯನ್ ಇದೆ. ಈ ಮೂರರಲ್ಲಿ ಯಾವ ದೇಶದ ಜನಸಂಖ್ಯೆಯೂ ನಮ್ಮ ಬೆಂಗಳೂರಿನಷ್ಟಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯ್ನುಡಿ ಎಂದವರು 4.37 ಕೋಟಿ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಸ್ಟೀಮ್ ತಿಂಗಳು ತಿಂಗಳು ಪ್ರಕಟಿಸುವ ಸಮೀಕ್ಷೆಯಲ್ಲಿ ಆಟಗಾರರ ಭಾಷೆಯ ಲೆಕ್ಕವೂ ಇರುತ್ತದೆ. ಪಟ್ಟಿಯಲ್ಲೇ ಇಲ್ಲದ ಭಾಷೆ ಲೆಕ್ಕಕ್ಕೆ ಬರುವುದು ಹೇಗೆ? ಲೆಕ್ಕಕ್ಕೇ ಬಾರದವರಿಗೆ ಯಾವ ಕಂಪನಿ ಕನ್ನಡದಲ್ಲಿ ಆಟ ಮಾಡಿಕೊಡುತ್ತದೆ? ಇರುವ ಕಡೆ ನಾವೇ ಇಂಗ್ಲಿಷ್ ಒತ್ತಿದರೆ, ಇಲ್ಲದ ಕಡೆ ಕೇಳುವ ಬಾಯಿ ನಮಗೆಲ್ಲಿದೆ?

ಅಪ್ಪನ ಫೈಲು ಅಳಿಸೀರಿ, ಜೋಕೆ!

ಒಂದು ಎಚ್ಚರಿಕೆ, ಎಲ್ಲಕ್ಕಿಂತ ಮುಖ್ಯವಾದದ್ದು. ವಿಂಡೋಸ್ 11 ಆಗಲಿ ಲಿನಕ್ಸ್ ಆಗಲಿ, ಫಾರ್ಮ್ಯಾಟ್ ಮಾಡುವ ಮುನ್ನ ಮನೆಯ ಹಿರಿಯರನ್ನು ಕೇಳಿ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ ಏರ್ಪಾಡು ಅದು. ಆ ಫಾಂಟು ಹೋದರೆ ವೇಷ ಕಳಚುತ್ತದೆ. ಅಪ್ಪನ ಲೇಖನ, ಅಜ್ಜಿ ಹೇಳಿ ಬರೆಸಿದ ಹಾಡು, ಸಂಘದ ಇಪ್ಪತ್ತು ವರ್ಷದ ನಡಾವಳಿ ಎಲ್ಲವೂ ಪೌಂಡಿನ ಗುರುತು, ಕೊಂಬಿನ ಅಕ್ಷರಗಳ ಕಸದ ರಾಶಿಯಾಗಿ ಕಾಣುತ್ತವೆ. ಅದು ಕನ್ನಡ ಎಂದೇ ತಿಳಿಯದೆ ಅಳಿಸಿಬಿಡುತ್ತೀರಿ.

ಆದ್ದರಿಂದ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಹಳೇ ಫಾಂಟುಗಳನ್ನೂ ಜೊತೆಗೆ ಇಟ್ಟುಕೊಳ್ಳಿ. ಆಮೇಲೆ ಪರಿವರ್ತಕ ಬಳಸಿ ಒಂದೊಂದೇ ಕಡತವನ್ನು ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವತ್ತು ತಪ್ಪಿರಬಹುದು, ಹಿರಿಯರ ಜೊತೆ ಕೂತು ಓದಿ ತಿದ್ದಿ. ಆಟದ ಸೇವ್ ಫೈಲು ಹೋದರೆ ಮತ್ತೆ ಆಡಬಹುದು. ಇದು ಹೋದರೆ ಮತ್ತೆ ಬರೆಯುವವರು ಯಾರು?

ಮಾಡಬೇಕಾದದ್ದು ಮೂರೇ

ಒಂದು, ಯಂತ್ರ ಎಸೆಯಬೇಡಿ. ನಿಮಗೆ ಬೇಡವಾದರೆ ಲಿನಕ್ಸ್ ಹಾಕಿ, ಕನ್ನಡ ಹಚ್ಚಿ, ಹತ್ತಿರದ ಕನ್ನಡ ಶಾಲೆಗೆ ಕೊಡಿ. ನಿಮ್ಮ ಗುಜರಿ ಅಲ್ಲಿನ ಮಕ್ಕಳಿಗೆ ಪ್ರಯೋಗಶಾಲೆ.

ಎರಡು, ಯಾವುದೇ ಆಪರೇಟಿಂಗ್ ಸಿಸ್ಟಂ ಹಾಕಿದರೂ ಮೊದಲ ದಿನವೇ ಭಾಷೆ ಕನ್ನಡಕ್ಕೆ ತಿರುಗಿಸಿ. ವಾರ ಕಣ್ಣಿಗೆ ಇರುಸುಮುರುಸಾಗುತ್ತದೆ, ಆಮೇಲೆ ಒಗ್ಗುತ್ತದೆ. ಅನುವಾದ ಕೆಟ್ಟದಾಗಿದ್ದರೆ ಬೈಯುತ್ತಾ ಕೂರಬೇಡಿ, ತಿದ್ದಿ ಕಳಿಸಿ.

ಮೂರು, ಸ್ಟೀಮ್‌ನವರಿಗೆ, ಆಟ ಮಾಡುವವರಿಗೆ ಕನ್ನಡ ಕೇಳಿ ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿಗೆ. ಬಡಾವಣೆಗೆ ನೂರು ಜನ, ತಿಂಗಳು ಬಿಡದೆ ಬರೆದರೆ ಅದು ಬೇಡಿಕೆ. ಯುರೋಪಿನವರು ಗೆದ್ದದ್ದು ಹೀಗೇ.

ಬೀದಿಯ ಬೋರ್ಡಿಗಾಗಿ ಲಾಠಿ ತಿಂದವರಿಗೆ ಮನೆಯ ಮೇಜಿನ ಮೇಲಿನ ಬೋರ್ಡು ಬದಲಿಸಲು ಯಾರ ಭಯ? ಇಂದು ಸಂಜೆಯೇ ಶುರು ಮಾಡಿ.