ಮಳೆನೀರು, ಇಲಿ ಜ್ವರ, ಡಾಕ್ಸಿಸೈಕ್ಲಿನ್: ಮುಂಬೈಯಲ್ಲಿ ಮಾತ್ರೆ ಹಂಚಿದರಷ್ಟೇ ಸಾಕೇ?

ಮುಂಬೈ: ಹಿಂದ್‌ಮಾತಾ, ಸಯಾನ್, ಕುರ್ಲಾದಂಥ ತಗ್ಗು ಪ್ರದೇಶಗಳಲ್ಲಿ ಮೊಣಕಾಲುದ್ದ ನೀರು ನಿಂತಾಗಲೆಲ್ಲ ಬೃಹನ್ಮುಂಬೈ ಮಹಾನಗರ ಪಾಲಿಕೆ ಒಂದು ಸಲಹೆ ನೀಡುತ್ತದೆ. ಆ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಇಲಿ ಜ್ವರ ತಡೆಯುವ ಮಾತ್ರೆ ತೆಗೆದುಕೊಳ್ಳಬೇಕು. ಆ ಮಾತ್ರೆಯೇ ಡಾಕ್ಸಿಸೈಕ್ಲಿನ್. ಮೊಡವೆಯಿಂದ ಹಿಡಿದು ಮಲೇರಿಯಾ ತಡೆಯುವವರೆಗೆ ವೈದ್ಯರು ಬರೆಯುವ, ಬೆಲೆಯೂ ಕಡಿಮೆ ಇರುವ ಹಳೆಯ ಔಷಧ. ಆದರೆ ಅದರ ಫಲ ಬರಿಯ ಮಾತ್ರೆಯಲ್ಲಿಲ್ಲ. ಮಾತ್ರೆ ಕೈಗಿಡುವ ಮುನ್ನ ನರ್ಸ್ ಕೇಳುವ ಪ್ರಶ್ನೆ, ಕೊಟ್ಟ ಮೇಲೆ ಹೇಳುವ ಮಾತು ಎರಡೂ ಅಷ್ಟೇ ಮುಖ್ಯ.

2005ರ ಪಾಠ

2005ರ ಜುಲೈ 26ರಂದು ಆರಂಭವಾದ ಮಳೆಗೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ನೀರು ಸುರಿದಿತ್ತು. ನೀರು ಇಳಿದ ಬೆನ್ನಲ್ಲೇ ನಗರದಲ್ಲಿ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಹಬ್ಬಿತು. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಿಂದ ಈ ರೋಗಾಣು ಗಾಯ, ಬಿರಿದ ಪಾದಗಳ ಮೂಲಕ ದೇಹ ಸೇರುತ್ತದೆ. ಆರಂಭದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು. ತಡವಾದರೆ ಕಾಮಾಲೆ, ಮೂತ್ರಪಿಂಡ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ.

ಯಾರಿಗೆ ಎಷ್ಟು?

ಪಾಲಿಕೆಯ ಸಲಹೆಯಲ್ಲಿ ಅಪಾಯಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಗಾಯವಿಲ್ಲದೆ ಒಮ್ಮೆ ನೀರಿನಲ್ಲಿ ನಡೆದ ವಯಸ್ಕರಿಗೆ 200 ಮಿ.ಗ್ರಾಂ. ಒಂದೇ ಸಲ. ಗಾಯವಿದ್ದವರಿಗೆ ದಿನಕ್ಕೊಮ್ಮೆಯಂತೆ ಮೂರು ದಿನ. ಮತ್ತೆ ಮತ್ತೆ ನೀರಿಗಿಳಿಯುವ ಸ್ವಚ್ಛತಾ ಕಾರ್ಮಿಕರಂಥವರಿಗೆ ವಾರಕ್ಕೊಮ್ಮೆಯಂತೆ ಆರು ವಾರ. ಗರ್ಭಿಣಿಯರಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಬದಲು ಅಜಿಥ್ರೋಮೈಸಿನ್.

ಹಾಗಾಗಿ ಕಾಲಿನಲ್ಲಿ ಗಾಯವಿದೆಯೇ, ಎಷ್ಟು ಸಲ ನೀರಿಗಿಳಿದಿರಿ, ಗರ್ಭಿಣಿಯೇ, ಹಿಂದೆ ಯಾವುದಾದರೂ ಮಾತ್ರೆ ಒಗ್ಗದೆ ತೊಂದರೆಯಾಗಿತ್ತೇ ಎಂದು ಕೇಳದೆ ಸರದಿಯಲ್ಲಿ ಎಲ್ಲರಿಗೂ ಒಂದೇ ರೀತಿ ಹಂಚುವುದು ಚಿಕಿತ್ಸೆಯಾಗದು. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರಲ್ಲಿ ಡಾಕ್ಸಿಸೈಕ್ಲಿನ್ ರಕ್ತಸ್ರಾವದ ಅಪಾಯ ಹೆಚ್ಚಿಸಬಲ್ಲದು. ಹೃದಯ ಬಡಿತದ ಏರುಪೇರು ಇರುವವರಿಗೆ ಅಜಿಥ್ರೋಮೈಸಿನ್ ಕೊಡುವ ಮುನ್ನವೂ ವೈದ್ಯರ ಮಾತು ಬೇಕು.

ನುಂಗುವ ರೀತಿಯೂ ಮುಖ್ಯ

ರಾತ್ರಿ ಒಂದು ಗುಟುಕು ನೀರಿನಲ್ಲಿ ಡಾಕ್ಸಿಸೈಕ್ಲಿನ್ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡಬಹುದು. ಊಟದ ನಂತರ, ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದಿರಬೇಕು. ಹಾಲು, ಆಸಿಡಿಟಿ ಔಷಧ, ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ಜತೆ ಸೇವಿಸಿದರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡು-ಮೂರು ಗಂಟೆ ಅಂತರ ಬೇಕು. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಉಂಟು.

ಗೋವಂಡಿಯ ಗಾಬರಿ

ವಿವರಣೆಯಿಲ್ಲದ ಮಾತ್ರೆಯ ಸುತ್ತ ಭಯ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಮುಂಬೈ ಕಂಡಿದೆ. 2018ರ ಆಗಸ್ಟ್‌ನಲ್ಲಿ ಗೋವಂಡಿಯ ಪಾಲಿಕೆ ಶಾಲೆಯ ಬಾಲಕಿಯೊಬ್ಬಳು ಮೃತಪಟ್ಟಾಗ, ಶಾಲೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯೇ ಕಾರಣ ಎಂಬ ಸುದ್ದಿ ಹಬ್ಬಿ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಲಾಯಿತು. ಮಾತ್ರೆ ಸಾವಿಗೆ ಕಾರಣವಲ್ಲ ಎಂದು ಅಧಿಕಾರಿಗಳು ಹೇಳಿದರು. ಈ ಮಾತ್ರೆಯಿಂದ ವಾಕರಿಕೆ ಬರಬಹುದು, ಮಲ ಕಪ್ಪಾಗಬಹುದು ಎಂದು ಮೊದಲೇ ತಿಳಿದ ಮನೆಯಲ್ಲಿ ಇಂಥ ಗಾಬರಿಗೆ ಎಡೆ ಕಡಿಮೆ.

ಲೆಕ್ಕ ಯಾವುದರದ್ದು?

ಎಷ್ಟು ಮಾತ್ರೆ ಹಂಚಲಾಯಿತು ಎಂಬ ಲೆಕ್ಕ ಸುಲಭ. ಎಷ್ಟು ಜನ ಸರಿಯಾಗಿ ನುಂಗಿದರು, ಆರು ವಾರ ಪೂರೈಸಿದರು ಎಂಬ ಲೆಕ್ಕವೇ ನಿಜವಾದದ್ದು. ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಕಟ್ಟಡ ಕಾರ್ಮಿಕರಿಗೆ ಮರಾಠಿ ಚೀಟಿ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ. ಮುಂದಿನ ಮಾತ್ರೆಯ ದಿನ ಗುರುತಿಸಿದ, ಚಿತ್ರವಿರುವ ಒಂದು ಚೀಟಿ, ಅದನ್ನು ವಿವರಿಸಲು ನರ್ಸ್‌ಗೆ ಎರಡು ನಿಮಿಷ: ಇದಕ್ಕೆ ದೊಡ್ಡ ಖರ್ಚಿಲ್ಲ. ಆದರೆ ಸರದಿ ಉದ್ದವಿರುವ ಕಡೆ ಆ ಎರಡು ನಿಮಿಷ ಸಿಗಬೇಕಾದರೆ ಸಿಬ್ಬಂದಿ ಸಾಕಷ್ಟು ಇರಬೇಕು.

ಇನ್ನೊಂದು ಮಾತನ್ನು ಪ್ರತಿಯೊಬ್ಬರಿಗೂ ಹೇಳಲೇಬೇಕು. ಮಾತ್ರೆ ನುಂಗಿದರೂ ಇಲಿ ಜ್ವರ ಬರುವುದೇ ಇಲ್ಲ ಎಂಬ ಖಾತ್ರಿಯಿಲ್ಲ. ನೀರಿಗಿಳಿದ ಎರಡು-ಮೂರು ವಾರಗಳಲ್ಲಿ ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನ ದೂಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಔಷಧ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆಯಾಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ, ಮಳೆನೀರಿನಲ್ಲಿ ನಡೆದಿದ್ದನ್ನು ವೈದ್ಯರಿಗೆ ತಿಳಿಸಬೇಕು.